ಏಕವಚನದ ಹಾಡು

ನಮ್ಮ ಅತ್ತಿಗೆ ಇಡೀ ಊರನ್ನೇ ಏಕವಚನದಲ್ಲಿ ಮಾತನಾಡಿಸಿದವಳು. ಊರ ಯಜಮಾನರಿಗೆ 'ಹೋಗು' ಅಂದಿದ್ದಳು, ಅವರ ಮುದಿ ತಾಯಿಗೆ 'ಬಾ' ಅಂದಿದ್ದಳು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಅದು ಅವಳ ಕೆಲಸವಾಗಿತ್ತು.

ಕೊಯ್ದು ಹೊಲಿಯುವ ವೈದ್ಯರ ಮನೆಯಲ್ಲಿ ಅವಳು ಹಾಡುವವಳು, ನಾನು ಗಾಯದ ಬಟ್ಟೆ ಕುದಿಸುವವಳು. ಹಿಂದಿನ ಕೋಣೆಯಲ್ಲಿ ಉದ್ದನೆಯ ಹಲಗೆ, ಕೈಕಾಲು ಬಿಗಿಯಲು ತೊಗಲಿನ ಪಟ್ಟಿ, ಗೋಡೆಯ ಮೊಳೆಗೆ ಗರಗಸ. ಮಲಗಿದವರ ತಲೆಯ ಬಳಿ ಅತ್ತಿಗೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ನಾವೆಲ್ಲ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆವು. ತಾಯಿ ಕಲಿಸಿದ ರಾಗವನ್ನು ಅವಳು ಪದಗಳಿಲ್ಲದೆ ಗುನುಗಿ, ಕೊನೆಯಲ್ಲಿ ಒಂದೇ ಮಾತು ಹೇಳುತ್ತಿದ್ದಳು: ಹೋಗು. ಕೇಳಿದವರ ಮನಸ್ಸು ಮೈ ಬಿಟ್ಟು ಹೋಗಿಬಿಡುತ್ತಿತ್ತು. ವೈದ್ಯರು ಕೊಯ್ದು, ಹೊಲಿದು, ಕೈ ತೊಳೆದ ಮೇಲೆ ಮತ್ತೆ ಅದೇ ರಾಗ, ಕೊನೆಯಲ್ಲಿ 'ಬಾ'. ಹೋದವರು ಕಣ್ಣು ಬಿಟ್ಟು, "ಆಗೋಯ್ತಾ?" ಅನ್ನುತ್ತಿದ್ದರು. ನಾನು ಕಾಸಿಟ್ಟ ನೀರು ಆರುವುದರೊಳಗೆ ಕರೆಯಬೇಕಿತ್ತು. ಆರಿದ ಮೇಲೆ ಗಂಟಲು ಹರಿಯುವಂತೆ ಹಾಡಿದರೂ ಬರುವವರಿಲ್ಲ.

"ಹಾಡಿಗೆ ಬಹುವಚನ ಗೊತ್ತಿಲ್ಲ ಮಗಳೇ," ಎಂದು ಅವಳ ತಾಯಿ ಹೇಳಿಕೊಟ್ಟಿದ್ದರಂತೆ. "ರಾಜನೇ ಮಲಗಿದ್ರೂ ಹೋಗು ಅನ್ನು, ಬಾ ಅನ್ನು."

ಮನೆಯಲ್ಲಿ ಅವಳು ಬೇರೆಯೇ ಹೆಂಗಸು. ನನಗಿಂತ ಚಿಕ್ಕವಳಾದ್ದರಿಂದ ನಾವಿಬ್ಬರೂ 'ನೀನು' ಎಂದೇ ಮಾತಾಡುತ್ತಿದ್ದೆವು. ಆದರೆ ಅಣ್ಣನನ್ನು 'ರೀ' ಬಿಟ್ಟು ಕರೆದವಳಲ್ಲ. ಜಗಳದಲ್ಲೂ ಬಹುವಚನ. "ನೀವೊಂದು ಕತ್ತೆ ಕಣ್ರೀ," ಅಂದದ್ದನ್ನು ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಪಾತ್ರೆ ತೊಳೆಯುವಾಗಲೂ ಅವಳು ಗುನುಗಿದವಳಲ್ಲ. "ಹಾಡದೇನೇ ಇಷ್ಟು ಮಾತು ಕೇಳ್ತೀನಿ, ಇನ್ನು ಹಾಡಿಬಿಟ್ರೆ ನನ್ನ ಗತಿ ಏನು?" ಎಂದು ಅಣ್ಣ ರೇಗಿಸುತ್ತಿದ್ದ.

ಅಣ್ಣ ಗಾಡಿಯ ಚಕ್ರ ಮಾಡುವ ಬಡಗಿ, ಮರೆಗುಳಿ. ಬೆಳಿಗ್ಗೆ ಅವನು ಹೊರಟಾಗ ಅತ್ತಿಗೆ ಹೊಸ್ತಿಲಲ್ಲಿ ನಿಂತು "ಹೋಗಿ ಬನ್ನಿ," ಅನ್ನುತ್ತಿದ್ದಳು. ಬೀದಿಯ ತಿರುವು ದಾಟುವ ಮೊದಲೇ ಅವನು ಮರೆತ ಉಳಿಗೋ ಟೊಪ್ಪಿಗೋ ವಾಪಸ್ ಬರುತ್ತಿದ್ದ. "ಹೋಗಿ ಬನ್ನಿ ಅಂದ್ಯಲ್ಲ, ಬಂದೆ." ದಿನವೂ ಅದೇ ಹಳಸಲು ಜೋಕು. ದಿನವೂ ಅವಳು ನಗುತ್ತಿದ್ದಳು.

ಒಂದು ದಿನ ಕಬ್ಬಿಣದ ಪಟ್ಟಿ ಬಿಗಿದ ಚಕ್ರ ಜಾರಿ ಅವನ ಪಾದದ ಮೇಲೆ ಬಿತ್ತು. ಏನೂ ಆಗಿಲ್ಲ ಎಂದು ಬಟ್ಟೆ ಸುತ್ತಿಕೊಂಡು ಓಡಾಡಿದ. ಬಟ್ಟೆ ಬಿಚ್ಚಿಸುವ ಹೊತ್ತಿಗೆ ಪಾದ ಕಪ್ಪಾಗಿ ವಾಸನೆ ಹೊಡೆಯುತ್ತಿತ್ತು. "ಮೊಣಕಾಲಿನ ಕೆಳಗೆ ತೆಗೀಬೇಕು," ಅಂದರು ವೈದ್ಯರು. "ಕಾಲು ಉಳಿಸೋಕೆ ಹೋದ್ರೆ ಜೀವ ಹೋಗತ್ತೆ."

"ಬೇರೆ ಯಾರಾದ್ರೂ ಹಾಡಲಿ," ಅಂದೆ ನಾನು.

"ಬೇರೆ ಯಾರಿದಾರೆ?" ಅಂದಳು ಅತ್ತಿಗೆ.

ನಾನು ನೀರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕಿವಿಯಲ್ಲಿ ಹತ್ತಿ ಇದ್ದರೂ ಅವಳ ತುಟಿ ಕಾಣುತ್ತಿತ್ತು. 'ಹೋಗು' ಎಂದರೆ ಕೊನೆಯಲ್ಲಿ ತುಟಿ ದುಂಡಗಾಗುತ್ತದೆ. ಅವತ್ತು ಆಗಲಿಲ್ಲ, ಅಗಲವಾಯಿತು. ಕಟ್ಟಿಕೊಂಡ ಗಂಡನಿಗೆ 'ಹೋಗು' ಎನ್ನಲು ನಾಲಿಗೆ ಹೊರಳದೆ, 'ಹೋಗಿ' ಅಂದುಬಿಟ್ಟಿದ್ದಳು. ಆದರೆ 'ಹೋಗಿ' ಎಂಬುದು ಅರ್ಧ ಮಾತು. ಹೋಗಿ, ಆಮೇಲೆ? ವರ್ಷಗಟ್ಟಲೆ ಹೊಸ್ತಿಲಲ್ಲಿ ನಿಂತು ಹೇಳಿದ ಅಭ್ಯಾಸ. ತುಟಿ ತಾನಾಗಿಯೇ ಮುಚ್ಚಿ ತೆರೆಯಿತು. ಬನ್ನಿ.

ಅಣ್ಣ ಹೇಳಿದಂತೆಯೇ ಕೇಳಿದ. ಹೋದ. ಗರಗಸ ಮೂಳೆಗೆ ಇಳಿದಾಗ ಬಂದ. ಆ ಕೂಗು ಹತ್ತಿಯನ್ನೂ ದಾಟಿ ನನ್ನ ಕಿವಿಗೆ ಬಿತ್ತು. ಮತ್ತೆ ಹೋದ, ಮತ್ತೆ ಬಂದ.

ಗಾಯ ಮಾಯಿತು. ಹೋಗಿ ಬರುವುದು ಮಾತ್ರ ನಿಲ್ಲಲಿಲ್ಲ. ತುತ್ತು ಬಾಯಿಗೆ ಇಡುತ್ತಿದ್ದಂತೆ ಅಣ್ಣನ ಕಣ್ಣು ಬರಿದಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬರುತ್ತಿದ್ದ. ಬರುವುದು ನಮ್ಮ ಬಳಿಗಲ್ಲ, ಆ ಹಲಗೆಯ ಮೇಲಕ್ಕೆ. ಇಲ್ಲದ ಕಾಲನ್ನು ಹಿಡಿದುಕೊಂಡು, "ಸಾಕು, ನಿಲ್ಸಿ," ಎಂದು ಕಿರುಚುತ್ತಿದ್ದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆಡಿದ ಮಾತು ಹೋಗಲೇ ಇಲ್ಲ.

ನನಗೆ ಅವಳ ಮೇಲೆ ಕೆಟ್ಟ ಕೋಪವಿತ್ತು. "ಊರಿಗೆಲ್ಲ ಹೋಗು ಅಂತಿದ್ದೆ. ನಮ್ಮಣ್ಣನಿಗೆ ಅನ್ನೋಕೆ ಏನಾಗಿತ್ತು ನಿಂಗೆ?" ಎಂದು ಕೇಳಿಯೇ ಬಿಟ್ಟೆ. ಅವಳು ಅವನ ಗಲ್ಲ ಒರೆಸಿದಳು.

ಕೊನೆಗೆ ಒಂದು ಮಧ್ಯಾಹ್ನ, ಕಿರುಚಾಟ ನಿಂತು ಮತ್ತೆ ಹೋಗುವ ಮುಂಚಿನ ಸಣ್ಣ ಬಿಡುವಿನಲ್ಲಿ, ಕುರ್ಚಿಗೆ ಒರಗಿದ್ದ ಅಣ್ಣನೇ ಹೇಳಿದ: "ಈ ಸಲ ಸರಿಯಾಗಿ ಹೇಳೇ. ನಂಗೇನೂ ಬೇಜಾರಿಲ್ಲ."

ನನಗೆ ಆಸೆ ಹುಟ್ಟಿತು. ಪೂರ್ತಿ ಹೋದವನು ಪೂರ್ತಿ ಬರಬಹುದಲ್ಲ, ಎಲ್ಲರ ಹಾಗೆ 'ಆಗೋಯ್ತಾ?' ಅನ್ನಬಹುದಲ್ಲ.

"ಕರೆದ್ರೆ ಎಲ್ಲಿಗೆ ಬರ್ತಾರೆ ಅಂತ ನಿಂಗೆ ಗೊತ್ತಾ?" ಎಂದು ಅತ್ತಿಗೆ ಕೇಳಿದಳು. "ಈ ಕುರ್ಚಿಗೋ, ಆ ಹಲಗೆಗೋ?"

ನೀರು ಕಾಸಿ ತಂದಿಟ್ಟೆ, ಹತ್ತಿ ತುರುಕಿಕೊಂಡೆ.

ಅವಳು ಅವನ ಎದುರು ಕೂತು ಹಾಡಿದಳು. ಈ ಸಲ ತುಟಿ ದುಂಡಗಾಯಿತು. ಅಣ್ಣನ ಬಿಗಿದ ಮುಷ್ಟಿ ಬಿಚ್ಚಿಕೊಂಡಿತು. ಹುಬ್ಬಿನ ಗಂಟು ಸಡಿಲವಾಯಿತು. ಎಷ್ಟೋ ತಿಂಗಳಿಂದ ನಾನು ಆ ಮುಖ ನೋಡಿರಲಿಲ್ಲ. ರಜೆಯ ದಿನ ಮಲಗಿದವನ ಮುಖ. ನನಗೆ ಅಳು ಬಂತು. ಇನ್ನು ಕರೆ ಎಂದು ಅತ್ತಿಗೆಗೆ ಸನ್ನೆ ಮಾಡಿದೆ.

ಅವಳ ಗಂಟಲು ಮತ್ತೆ ಆಡಿತು. ರಾಗ ಮುಗಿಯಿತು. 'ಬಾ' ಎನ್ನಲು ತುಟಿ ಮುಚ್ಚಿತು. ಮುಚ್ಚಿಯೇ ಇತ್ತು.

ನಾನು ಹತ್ತಿ ಕಿತ್ತು ಬಿಸಾಕಿದೆ. "ಅಣ್ಣನ್ನ ಕರಿ ಅತ್ತಿಗೆ, ನೀರು ಆರ್ತಾ ಇದೆ."

ಅವಳು ತುಟಿ ಬಿಚ್ಚದೆ ತಲೆಯಾಡಿಸಿದಳು. ಬೇಡ ಎಂದಳೋ, ನನ್ನಿಂದ ಆಗುವುದಿಲ್ಲ ಎಂದಳೋ, ಇವತ್ತಿಗೂ ತಿಳಿಯದು. ಅವಳ ಕಣ್ಣು ಅವನ ಬಿಚ್ಚಿದ ಕೈಯ ಮೇಲಿತ್ತು. ನೀರಿಗೆ ಬೆರಳು ಅದ್ದಿ ನೋಡಿದೆ, ಉಗುರುಬೆಚ್ಚಗಿತ್ತು. ಇನ್ನೊಮ್ಮೆ ಕೂಗಿದೆ. ಮತ್ತೆ ಅದ್ದಿದಾಗ ತಣ್ಣಗಾಗಿತ್ತು.

ಆಗ ಅತ್ತಿಗೆ ತುಟಿ ತೆರೆದು, ರಾಗವಿಲ್ಲದೆ, "ರೀ," ಅಂದಳು.