ಅತ್ತೆಯ ಬಾವಿಯಲ್ಲಿ ಜೆಲ್ಲಿಫಿಶ್

ನಮ್ಮತ್ತೆಯ ಬಾವಿಯಲ್ಲಿ ಜೆಲ್ಲಿಫಿಶ್ ಇವೆ.

ನಗಬೇಡಿ, ಕಣ್ಣಾರೆ ಕಂಡಿದ್ದೇನೆ. ಒಂದು ರೂಪಾಯಿ ನಾಣ್ಯದಷ್ಟು ಅಗಲ, ಮೈಯೆಲ್ಲ ಗಾಜು. ಪುಟ್ಟ ಕೊಡೆಗಳ ಹಾಗೆ ಮುದುಡಿ, ಅರಳಿ, ಟಾರ್ಚ್ ಬೆಳಕಿನಲ್ಲಿ ಮೇಲಕ್ಕೇರುತ್ತಿದ್ದವು. ಹೊಸೂರಿನಿಂದ ತಳಿ ಊರಿಗೆ ಹೋಗುವ ರಸ್ತೆ ಪಕ್ಕದ ಹೊಲದ ಬಾವಿ ಅದು. ಅಲ್ಲಿಂದ ಸಮುದ್ರ ನೋಡಬೇಕೆಂದರೆ ಅರ್ಧ ದಿನ ಬಸ್ಸಿನಲ್ಲಿ ಕೂರಬೇಕು. (ಸಿಹಿನೀರಿನಲ್ಲಿ ಬದುಕುವ ಜಾತಿಯೂ ಒಂದಿದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಕ್ವಾರಿ ಹೊಂಡಗಳಲ್ಲೂ ಕಾಣಿಸುತ್ತವಂತೆ.)

ಈ ಅಂಕಣ ಓದುವವರಿಗೆ ನನ್ನ ಹುಚ್ಚು ಗೊತ್ತೇ ಇದೆ. ಹೊಸೂರಿನ ಫ್ಯಾಕ್ಟರಿಯಲ್ಲಿ ದಿನವಿಡೀ ನಟ್ಟು ಬೋಲ್ಟು ಚೆಕ್ ಮಾಡುವ ಹೆಂಗಸು ನಲವತ್ತು ದಾಟಿದ ಮೇಲೆ ಸ್ಕೂಬಾ ಕಲಿತಳು. ಚೆನ್ನಾಗಿಯೇ ಕಲಿತಳು, ಸಂಕೋಚ ಯಾಕೆ? ಕಲ್ಲಿನ ಬಣ್ಣಕ್ಕೆ ತಿರುಗಿ ಕಣ್ಣೆದುರೇ ಮಾಯವಾದ ಆಕ್ಟೋಪಸ್ ನೋಡಿದ್ದೇನೆ. ಚೆಂಡಿನ ಹಾಗೆ ಊದಿಕೊಂಡು ನನ್ನನ್ನೇ ಗುರಾಯಿಸಿದ ಮೀನು ನೋಡಿದ್ದೇನೆ. ಇನ್ನೊಂದು ಮೀನು ಹವಳದ ಬಂಡೆಯನ್ನು ಕಟಕಟ ಕಡಿದು ನುಂಗಿ, ಹಿಂದಿನಿಂದ ಬಿಳಿ ಮರಳು ಸುರಿಸುತ್ತದೆ. ಕೆಲವು ದ್ವೀಪಗಳಲ್ಲಿ ಟೂರಿಸ್ಟುಗಳು ಟವೆಲ್ ಹಾಸಿ ಮಲಗುವ ಮರಳಿನಲ್ಲಿ ಅದರದ್ದೂ ಪಾಲಿದೆ. (ಹೇಳಬಾರದಿತ್ತೇನೋ.)

ಇಷ್ಟೆಲ್ಲ ನೋಡಿಯೂ ಬೆಚ್ಚದವಳು ನಮ್ಮ ಮನೆಯ ಬಾವಿಯಲ್ಲಿ ಬೆಚ್ಚಿಬಿದ್ದೆ.

ಆಗಿದ್ದಿಷ್ಟು. ಬಾವ, ಅಂದರೆ ನನ್ನ ಗಂಡನ ಅಣ್ಣ, ಊರಲ್ಲಿ ಗುಲಾಬಿ ಬೆಳೆಯುತ್ತಾರೆ. ಪ್ಲಾಸ್ಟಿಕ್ ಹೊದಿಕೆಯ ಇನ್ನೊಂದು ಪಾಲಿಹೌಸ್ ಹಾಕೋಕೆ ಜಾಗ ಬೇಕಾಗಿತ್ತು. ಬೋರ್‌ವೆಲ್ ಇದೆಯಲ್ಲ, ಹಳೇ ಬಾವಿ ಯಾಕೆ, ಮುಚ್ಚಿಸೋಣ ಅಂತ ತೀರ್ಮಾನ ಮಾಡಿದರು. ಜೆಸಿಬಿಯವನಿಗೂ ಹೇಳಿಯಾಗಿತ್ತು. ಅವತ್ತೇ ಅವರ ಹೆಂಡತಿ ಜಯಕ್ಕ ನನಗೆ ಫೋನ್ ಮಾಡಿದಳು.

“ನಿನ್ ಸಿಲಿಂಡ್ರು ತಗಂಡು ಬಾಮ್ಮಿ. ಮಣ್ಣು ಸುರಿಯೋಕೆ ಮುಂಚೆ ಆ ಕೊಡ ಹುಡುಕ್ಕೊಡು.”

ನಮ್ಮ ಮನೆಯಲ್ಲಿ ‘ಆ ಕೊಡ’ದ ಕಥೆ ಗೊತ್ತಿಲ್ಲದವರಿಲ್ಲ. ಜಯಕ್ಕ ಮದುವೆಯಾಗಿ ಬಂದ ಹೊಸತು. ನೀರು ಸೇದುವಾಗ ಕುಣಿಕೆ ಜಾರಿ ಅತ್ತೆಯ ಹಿತ್ತಾಳೆ ಕೊಡ ಬಾವಿಗೆ ಬಿತ್ತು. ಪಕ್ಕದ ಮನೆಯಿಂದ ಪಾತಾಳಗರಡಿ ತಂದರು. (ಈಗಿನ ಹುಡುಗರಿಗೆ ಹೇಳುತ್ತೇನೆ: ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಡುವ ಕಬ್ಬಿಣದ ಕೊಕ್ಕೆಗಳ ಗೊಂಚಲು. ಅದನ್ನು ಸುಮ್ಮನೆ ಕೊಡುವಂತಿಲ್ಲ, ಒಂದು ಪಾತ್ರೆ ಅಡ ಇಟ್ಟುಕೊಂಡೇ ಕೊಡುವುದು ಪದ್ಧತಿ.) ನಮ್ಮವರು ಒಂದು ಚೊಂಬು ಅಡ ಇಟ್ಟು ತಂದರು. ಇಡೀ ದಿನ ಬಾವಿ ಕಲಕಿದರು. ಕೊಡ ಸಿಗಲಿಲ್ಲ. ಹಗ್ಗ ಹರಿದು ಗರಡಿಯೂ ಒಳಗೇ ಹೋಯಿತು. ಚೊಂಬು ಪಕ್ಕದ ಮನೆಯಲ್ಲೇ ಉಳಿಯಿತು. ಎಲ್ಲವೂ ಜಯಕ್ಕನ ತಲೆಗೇ ಬಂತು.

ಬಾವಿಯಲ್ಲಿದ್ದರೆ ಸಿಗುತ್ತಿರಲಿಲ್ಲವೇ? ಅತ್ತೆಯ ಲಾಜಿಕ್ ಅಷ್ಟೇ. ಸಿಗಲಿಲ್ಲ ಅಂದರೆ ಬಿದ್ದೇ ಇಲ್ಲ. ಬಿದ್ದಿಲ್ಲ ಅಂದರೆ ಸೊಸೆ ತವರಿಗೆ ಸಾಗಿಸಿದ್ದಾಳೆ. ಅಲ್ಲಿಂದ ಮುಂದೆ ಒಂದು ಚಮಚ ಕಾಣದಿದ್ದರೂ ಎಲ್ಲರ ಕಣ್ಣು ಜಯಕ್ಕನ ಕಡೆಗೆ. ತವರಿಗೆ ಹೋಗಿ ಬಂದಾಗಲೆಲ್ಲ, ಕೊಡ ಚೆನ್ನಾಗಿದೆಯಾ ಅಂತ ಒಂದು ಕುಹಕ. ಈಗ ಆಕೆಯ ಮಗಳೇ ಮದುವೆ ವಯಸ್ಸಿಗೆ ಬಂದಿದ್ದಾಳೆ. ಕುಹಕ ಮಾತ್ರ ನಿಂತಿಲ್ಲ. ಬಾವಿ ಮುಚ್ಚಿದರೆ ಕಳ್ಳಿ ಅನ್ನೋ ಹೆಸರು ಸಾಯೋವರೆಗೂ ತಪ್ಪಲ್ಲ ಅನ್ನುವುದು ಆಕೆಯ ಸಂಕಟ.

ಭಾನುವಾರ ನನ್ನ ಕೋಚ್ ಸೆಲ್ವಂ ಅವರನ್ನು ಕರೆದುಕೊಂಡು ಹೋದೆ. (ಒಬ್ಬರೇ ಇಳಿಯಬಾರದು, ಅದು ರೂಲು.) ನಮ್ಮ ರಬ್ಬರ್ ಸೂಟು, ಸಿಲಿಂಡರ್ ನೋಡಿ ಊರೇ ಬಾವಿಯ ಸುತ್ತ ನೆರೆಯಿತು. ಯಾರು ಬಿದ್ದರು ಅಂತ ತೆಲುಗಿನಲ್ಲೊಬ್ಬರು, ತಮಿಳಿನಲ್ಲೊಬ್ಬರು ವಿಚಾರಿಸಿದರು. ಕೊಡ ಹುಡುಕೋಕೆ ಅಂದಾಗ ಅವರ ಮುಖದಲ್ಲಿ ಸ್ವಲ್ಪ ನಿರಾಸೆಯೇ ಕಂಡಿತು.

ಮೇಲಿನ ನೀರು ಸೊಪ್ಪಿನ ಸಾರಿನ ಹಾಗೆ ಹಸಿರು, ಚಾಚಿದ ಕೈ ಕಾಣುವುದಿಲ್ಲ. ಇನ್ನೊಂದಿಷ್ಟು ಇಳಿದರೆ ನೀರು ದಿಢೀರನೆ ತಿಳಿ, ಮೈ ಕೊರೆಯುವ ಚಳಿ. ಜೆಲ್ಲಿಫಿಶ್ ಸಿಕ್ಕಿದ್ದು ಅಲ್ಲೇ. ತಳದಲ್ಲಿ ಒಂದು ಕಡೆ ಮರಳು ಅನ್ನ ಕುದಿಯುವ ಹಾಗೆ ಕುಣಿಯುತ್ತಿತ್ತು. ಕೈ ಇಟ್ಟೆ, ತಣ್ಣಗೆ ನೀರು ಚಿಮ್ಮುತ್ತಿದೆ! ಬಾವಿಯ ಜಲದ ಕಣ್ಣನ್ನು ನಾನು ಅದುವರೆಗೆ ನೋಡಿರಲಿಲ್ಲ. ಪಕ್ಕದಲ್ಲಿ ಎರಡು ಒಂಟಿ ಚಪ್ಪಲಿ, ಒಂದಷ್ಟು ಕ್ರಿಕೆಟ್ ಬಾಲು, ತುಕ್ಕು ಹಿಡಿದ ಆ ಗರಡಿ. ಕೊಡ ಇಲ್ಲ.

ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಅನುಮಾನ ಬಂತು. ಜಯಕ್ಕನ ಮೇಲೆ.

ಆಗ ಸೆಲ್ವಂ ನನ್ನ ಭುಜ ತಟ್ಟಿ ಟಾರ್ಚ್ ತಿರುಗಿಸಿದರು. ಬಾವಿಯ ತಳದಲ್ಲಿ ಬಂಡೆ ಒಳಕ್ಕೆ ಸರಿದು ಒಂದು ಸಣ್ಣ ಕೋಣೆಯೇ ಆಗಿತ್ತು. ಮೇಲಿಂದ ಎಷ್ಟು ಹಗ್ಗ ಬಿಟ್ಟರೂ ಕೊಕ್ಕೆ ಅಲ್ಲಿಗೆ ತಲುಪುವುದು ಸಾಧ್ಯವೇ ಇಲ್ಲ. ಅದರೊಳಗೆ, ಇಳಿಜಾರಿನಲ್ಲಿ ಉರುಳಿ ಹೋಗಿ, ಪಾಚಿ ಕಟ್ಟಿ ಕೂತಿತ್ತು ಕೊಡ. ಅದರ ಬಾಯಿಗೆ ಟಾರ್ಚ್ ಹಿಡಿದರೆ ಒಳಗಿನಿಂದ ಒಂದು ಮೀಸೆ ಮೀನು ಮನೆ ಯಜಮಾನನ ಹಾಗೆ ತಲೆ ಹಾಕಿತು. ತಟ್ಟಿದರೂ ಕದಲದು. ಕೊಡ ಓರೆ ಮಾಡಿ ಓಲೈಸಬೇಕಾಯಿತು. ನಾನು ಅತ್ತುಬಿಟ್ಟೆ. ಮಾಸ್ಕಿನೊಳಗೆ ಅತ್ತರೆ ಕಣ್ಣೊರೆಸಿಕೊಳ್ಳಲೂ ಆಗುವುದಿಲ್ಲ.

ಕೊಡ ಮೇಲೆ ಬಂತು. ಅತ್ತೆ ಕೋಲೂರಿಕೊಂಡು ಹತ್ತಿರ ಬಂದರು. ಸೆರಗಿನಿಂದ ಕೊಡದ ಕತ್ತು ತಿಕ್ಕಿದರು. ತೀರಿಕೊಂಡ ನಮ್ಮ ಮಾವನ ಹೆಸರು ಚುಕ್ಕಿ ಚುಕ್ಕಿಯಾಗಿ ಕಾಣಿಸಿತು. ಅದರ ಮೇಲೆ ಬೆರಳಾಡಿಸಿದರು.

“ನಮ್ದೇ ಕಣಮ್ಮಿ,” ಅಂದರು ನನಗೆ. ಜಯಕ್ಕನ ಮುಖ ನೋಡಲಿಲ್ಲ.

ಜಯಕ್ಕ ಅಳಲಿಲ್ಲ, ಕುಣಿಯಲೂ ಇಲ್ಲ. ಬಾವಿ ಮುಚ್ಚೋದು ಬೇಡ ಅಂತಷ್ಟೇ ಹೇಳಿದಳು. ಆ ಮನೆಯಲ್ಲಿ ಆಕೆಯ ಮಾತಿಗೆ ಯಾರೂ ಎದುರಾಡದ್ದನ್ನು ನಾನು ನೋಡಿದ್ದು ಅವತ್ತೇ. ಜೆಸಿಬಿಯವನಿಗೆ ಅಲ್ಲಿಂದಲೇ ಫೋನ್ ಹೋಯಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬಾವ ಮುಂದೆ ಬಂದು, ಹೆಂಡತಿಗೆ ಸಮಾಧಾನ ಹೇಳುವವರ ಹಾಗೆ ನಕ್ಕರು.

“ನಂಗೊತ್ತಿತ್ತು ಬುಡು, ನೀನಂತೋಳಲ್ಲ ಅಂತ.”

ಸುತ್ತ ನಿಂತಿದ್ದ ನೆಂಟರೂ ತಲೆಯಾಡಿಸಿದರು. ನಮಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತಂತೆ!

ಜಯಕ್ಕ ಗಂಡನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

“ಗೊತ್ತಿದ್ರೆ ಇಷ್ಟ್ ವರ್ಸ ಯಾಕ್ ಒಂದ್ ಮಾತೂ ಏಳ್ಲಿಲ್ಲ?”

ಬಾವ ಬಾವಿಯೊಳಗೆ ಇಣುಕಿ ನೋಡತೊಡಗಿದರು.

ನೀರೊಳಗೆ ಮುಳುಗಿದವರಿಗೆ ಮಾತಾಡೋಕೆ ಆಗಲ್ಲ, ಸರಿ. ದಡದ ಮೇಲೆ ನಿಂತವರಿಗೆ ಏನಾಗಿತ್ತು?