ಏಸಿ ಮ್ಯಾಲಿನ ಕಣಕಿ

ಸಿಂಗಟಾಲೂರಿನ ಹೊಳಿ ದಂಡಿಗೆ ಬೆಳಗಾವಿಯ ಒಂದು ಕುಟುಂಬದ ಕ್ಯಾರವಾನ್, ಒಳಗ ಮಲಗಾಕ ಜಾಗಾ ಇರೋ ಗಾಡಿ, ಬಂದು ನಿಂತಿತ್ತು. ಏಸಿ ತಂಪ ಕೊಡವಲ್ದಂತ ರಿಪೇರಿಗೆ ನನ್ನ ಕರಸಿದ್ರು. ಸೆಕಿಗೆ ಎಲ್ಲಾರೂ ಬೆವತು ತೊಯ್ದಿದ್ರು. ಫಿಲ್ಟರ್ ತೊಳದೆ, ಗ್ಯಾಸ್ ನೋಡಿದೆ, ಎಲ್ಲಾ ಬರೋಬ್ಬರಿ ಇತ್ತು. ಕಡೀಕ ಗಾಡಿ ಮ್ಯಾಲೆ ಹತ್ತಿದರ, ಏಸಿಯ ಬಿಸಿಗಾಳಿ ಹೊರಗ ಹೋಗೋ ಜಾಗಾ ತುಂಬ ಜೋಳದ ಒಣ ದಂಟಿನ ಕಣಕಿ!

“ಇದನ್ಯಾರು ಹೊದಿಸಿದ್ರಿ?”

“ನಾನಪಾ,” ಅಂದ ಬಾಜೂ ಹೊಲದ ಅಜ್ಜ. “ತಗಡ ಕಾಯತೈತಿ. ನಮ್ಮ ಎಮ್ಮಿ ಕೊಟಗಿಗೂ ಇದನ್ನ ಹೊದಸೀನಿ, ಭಾಳ ತಂಪ.”

“ಅಜ್ಜಾ, ನಿಮ್ಮ ಕೊಟಗಿ ಉಸರಾಡಂಗಿಲ್ಲ, ಇದು ಉಸರಾಡತೈತಿ,” ಅಂದೆ.

ಅಜ್ಜಗ ಖರೆ ಅನಸಲಿಲ್ಲ. “ಬಂದು ನೋಡ್ರಿ,” ಅಂತ ಗಾಡಿಯವರನ್ನೆಲ್ಲ ಕೊಟಗಿಗೆ ಕರಕೊಂಡು ಹೋದ.

ನಾ ಕಣಕಿ ಇಳಿಸಿದ ಮ್ಯಾಲೆ ಏಸಿಯಿಂದ ಥಂಡಿ ಗಾಳಿ ಬಂತು. ಕರಿಯಾಕ ಹೋದರ, ಅವರು ಕೊಟಗ್ಯಾಗ ಮಜ್ಜಿಗಿ ಕುಡಕೋಂತ ಆರಾಮ ಕುಂತಿದ್ರು. “ಆಮ್ಯಾಲೆ ಬರ್ತೀವ್ರಿ,” ಅಂದ್ರು.

ಏಸಿ ಚೆಕ್ ಮಾಡೋ ನೆವದಾಗ ನಾ ಒಬ್ಬನ ಒಳಗ ಒಂದು ಸಣ್ಣ ನಿದ್ದಿ ಹೊಡದೆ.