ಬಜ್ಜಿಗೆ ಬಿದ್ದ ಅಮ್ಮನ ಅವರೆ

ಸೊಲ್ಲಾಪುರಕ್ಕೆ ಬಂದ ಮರುದಿನ ಬೆಳಗ್ಗೆ ಯಾರೋ ಗೋಡೆ ಬಡಿಯುತ್ತಿದ್ದಾರೆಂದು ಗಾಬರಿಯಿಂದ ಎದ್ದು ಕೂತೆ. ಗೋಡೆಯಾಚೆ ಮನೆಯೊಡತಿ ಕಸ್ತೂರಿಬಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದರು, ಅಷ್ಟೆ. ನಮ್ಮ ತುಮಕೂರು ಸೀಮೆಯಲ್ಲಿ ಮುದ್ದೆ ತಿರುವುವ ಸದ್ದು ಪಕ್ಕದ ಕೋಣೆಗೂ ಕೇಳುವುದಿಲ್ಲ. ಇಲ್ಲಿ ಅಡುಗೆ ಬೀದಿಗೆಲ್ಲ ಕೇಳುತ್ತದೆ. ನನ್ನವರಿಗೆ ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತು ಎಂಐಡಿಸಿಯ ಟವೆಲ್ ಕಾರ್ಖಾನೆಯಲ್ಲಿ ಕೆಲಸ. ನನಗೆ ಹಗಲೆಲ್ಲ ಆ ಗೋಡೆಯೇ ಜೊತೆ.

ಕನ್ನಡದವರೇ ಇರುವ ಬೀದಿ ಎಂದು ಕೇಳಿ ಹಿಗ್ಗಿದ್ದೆ. ಬಂದು ನೋಡಿದರೆ ಅವರ ಕನ್ನಡದಲ್ಲಿ ಅರ್ಧ ಮರಾಠಿ. ನನ್ನ ಕನ್ನಡ ಕೇಳಿದರೆ ಮಕ್ಕಳಿಗೆ ನಗು. ಕಿರಾಣಿ ಅಂಗಡಿಯಲ್ಲಿ ತೊಗರಿ, ಕಡಲೆ, ಹೆಸರು ಎಲ್ಲ ಸಿಗುತ್ತವೆ. ಅವರೆಕಾಳು ಕೇಳಿದರೆ ಪಾವಟಾ ಎಂದು ಕೊಡುತ್ತಾರೆ. ಅದೂ ಅವರೆಯೇ, ಆದರೆ ಸೊಗಡಿಲ್ಲ. ನಮ್ಮ ಕಡೆಯ ಅವರೆ ಸುಲಿದರೆ ಬೆರಳಿಗಂಟಿದ ಜಿಡ್ಡಿನ ಘಮ ಸೋಪಿಗೂ ಹೋಗುವುದಿಲ್ಲ. ಅದು ನೆನಪಾದ ದಿನ ಊಟವೇ ಬೇಡವಾಗುತ್ತಿತ್ತು.

ಅಮ್ಮ ಪ್ರತಿ ವರ್ಷ ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಹಾಕುತ್ತಿದ್ದಳು. ಅವರೆ ಬೆಳೆದ ಮಣ್ಣಿಗೆ ಮರುವರ್ಷ ಗೊಬ್ಬರ ಕಡಿಮೆ ಸಾಕು ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನನ್ನ ತಮ್ಮ ಹೊಲಕ್ಕೆಲ್ಲ ಮುಸುಕಿನ ಜೋಳ ಹಾಕಿದ. ಅಮ್ಮ ಬೂದಿ ಬೆರೆಸಿ ಕಟ್ಟಿಟ್ಟಿದ್ದ ಒಂದು ಗಂಟು ಬೀಜ ಮಾತ್ರ ನನ್ನ ಜೊತೆ ಬಂದಿತ್ತು. ಹಳೆಯದಾದರೆ ಅದು ಹುಟ್ಟುವುದಿಲ್ಲ. ಆ ಮಳೆಗಾಲದಲ್ಲೇ ಬಿತ್ತಬೇಕಿತ್ತು.

ಕಸ್ತೂರಿಬಾಯಿಯವರ ಹೊಲ ಅವರ ಊರು ನಾಗಣಸೂರಿನಲ್ಲಿದೆ. ತೊಗರಿಯ ಬದಿಗೆ ಒಂದು ಸಾಲು ಹಾಕಿಕೊಡಿ ಎಂದು ಗಂಟನ್ನು ಅವರ ಕೈಗಿಟ್ಟೆ.

"ಒಂದು ಕಾಯಿನೂ ಹಸೀದು ಕೀಳಬೇಡಿ ಅಕ್ಕ. ಎಲ್ಲ ಬೀಜಕ್ಕೇ ಬೇಕು."

"ಕಾಳಜಿ ಮಾಡಬ್ಯಾಡ ತಂಗಿ. ಕೈ ಸೈತ ಹಚ್ಚಂಗಿಲ್ಲ."

ಊರಿಗೆ ಹೋಗಿ ಬಂದಾಗಲೆಲ್ಲ "ನಿನ್ನ ಅವರಿ ಹೂ ಬಿಟ್ಟಾವ", "ಕಾಯಿ ಹಿಡದಾವ" ಎಂದು ಸುದ್ದಿ ತರುತ್ತಿದ್ದರು. ಈ ಊರಲ್ಲಿ ನನಗೊಬ್ಬರು ಸಿಕ್ಕರು ಎಂದುಕೊಂಡೆ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆದರು. ಚಳಿಗಾಲದ ಈ ಹಬ್ಬಕ್ಕೆ ಇಲ್ಲಿನವರು ನೆಂಟರಿಷ್ಟರನ್ನೆಲ್ಲ ಹೊಲದಲ್ಲೇ ಕೂರಿಸಿ ಉಣಿಸುತ್ತಾರೆ. ಸಜ್ಜೆ ರೊಟ್ಟಿ, ಬಜ್ಜಿ. ನಮ್ಮ ಹಾಗೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಹಸಿ ಕಡಲೆ, ಸೊಪ್ಪು ಎಲ್ಲವನ್ನೂ ಕಡಲೆಹಿಟ್ಟು ಕದಡಿ ಬೇಯಿಸಿದ ಗಟ್ಟಿ ಪಲ್ಯ. ಮೊದಲ ತುತ್ತಿಗೇ ಸೊಗಡು ಮೂಗಿಗೆ ಬಡಿಯಿತು. ಎರಡು ಸಲ ಹಾಕಿಸಿಕೊಂಡೆ. ಎಷ್ಟು ಚೆನ್ನಾಗಿದೆ ಎಂದು ಬಾಯಿ ತುಂಬ ಹೊಗಳಿದೆ.

"ಇರೂದಿಲ್ಲೇನ? ನಿನ್ನ ಅವರೀನ ಅದ" ಎಂದು ಕಸ್ತೂರಿಬಾಯಿ ನಕ್ಕರು.

ಎಂಜಲು ಕೈಯಲ್ಲೇ ಎದ್ದು ಸಾಲಿಗೆ ಓಡಿದೆ. ಕಾಯಿ ಹಾಗಿರಲಿ, ಬಳ್ಳಿಯೂ ಇರಲಿಲ್ಲ. ಅದನ್ನು ಕಿತ್ತು ಎತ್ತುಗಳ ಮುಂದೆ ಹಾಕಿದ್ದರು.

"ಮಾತು ಕೊಟ್ಟಿದ್ರಲ್ಲ ಅಕ್ಕ?"

"ಅಮಾಸಿ ಬಜ್ಜಿಗಿ ಹೊಲದಾಗ ಹಸರ ಇದ್ದದ್ದೆಲ್ಲಾ ಬೀಳಬೇಕವ್ವಾ. ಒಂದ ಸಾಲ ಬಿಟ್ಟರ ಭೂಮಿತಾಯಿಗಿ ಮೋಸ ಮಾಡಿದಂಗ."

"ಒಂದು ಹಿಡಿ ಸಾಕಿತ್ತಲ್ಲ?"

"ಘಮ್ಮಂತ ಅದ ಅಂತ ಹೆಣ್ಣಮಕ್ಕಳು ಎಲ್ಲಾ ಹರಕೊಂಡ್ರು. ನಮ್ಮ ಹೊಲದಾಗ ಬೆಳದದ್ದು ನಮ್ದ ಅಲ್ಲೇನ? ಅಷ್ಟಕ್ಕ್ಯಾಕ ಅಳ್ತೀ? ಪಾವಟಾ ಬೀಜ ಕೊಡ್ತೀನಿ, ತಗೋ."

ಭೂಮಿತಾಯಿಗೆ ಮೋಸವಾಗಬಾರದೆಂದು ನನಗೆ ಮೋಸ ಮಾಡಿದರು. ಅದೂ ನಗುನಗುತ್ತಾ, ನನ್ನ ತಟ್ಟೆಗೇ ಬಡಿಸಿ. ಅಮ್ಮನ ಕೊನೆಯ ಬೀಜವನ್ನು ಊರವರ ಜೊತೆ ಕೂತು ನಾನೂ ಉಂಡೆನಲ್ಲ ಎಂಬ ಸಂಕಟಕ್ಕೆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಅವರು ಎಂದಿನಂತೆ ಬಿಸಿ ರೊಟ್ಟಿ ತಂದುಕೊಟ್ಟರು. ಇಸಿದುಕೊಂಡೆ. ಅವರನ್ನು ಬಿಟ್ಟರೆ ಇಲ್ಲಿ ನನ್ನ ಬಾಗಿಲು ತಟ್ಟುವವರು ಯಾರೂ ಇಲ್ಲ.

ಸಂಕ್ರಾಂತಿಗೆ ತಮ್ಮ ಫೋನ್ ಮಾಡಿದ. ಬರೀ ಜೋಳ ಹಾಕಿ ಹಾಕಿ ಹೊಲ ಸತ್ವ ಕಳೆದುಕೊಂಡಿದೆಯಂತೆ.

"ಮುಂದಿನ ಮಳೆಗೆ ಅಮ್ಮನ ಥರ ಅಕ್ಕಡಿ ಹಾಕ್ತೀನಕ್ಕ. ಅವರೆ ಬೀಜ ನಿನ್ನ ಹತ್ರ ಐತಲ್ವಾ?"

ಗೋಡೆಯಾಚೆ ರೊಟ್ಟಿಯ ಸದ್ದು ಶುರುವಾಗಿತ್ತು.

"ಐತೆ. ಕಾಳಜಿ ಮಾಡಬ್ಯಾಡ" ಎಂದೆ.

"ಇದ್ಯಾವೂರ ಮಾತಕ್ಕ?" ಎಂದು ಅವನು ನಕ್ಕ.